ತಡಮೆ ದಾಟಿದ ಒಂದನೇ ಕ್ಲಾಸು

ಒಲೆಯ ಮೇಲೆ ಸರಕಾರದ ಹಳದಿ ಉಪ್ಪಿಟ್ಟಿನ ಪರಿಮಳ ಎದ್ದಿತೆಂದರೆ ಕಮಲಾವತಿಗೆ ಸಿಟ್ಟೂ ಏಳುತ್ತಿತ್ತು. ಪಕ್ಕದ ಶಾಲೆಯ ಒಂದನೇ ಕ್ಲಾಸಿನ ಅರ್ಧ ಮಕ್ಕಳು ಬೇಲಿಯ ತಡಮೆ ಹತ್ತಿಳಿದು ಅವಳ ಬಾಲವಾಡಿಯ ಜಗಲಿಯಲ್ಲಿ ಸಾಲಾಗಿ ಕೂತುಬಿಡುತ್ತಿದ್ದರು. ಹೋದ ವರ್ಷ ಇಲ್ಲೇ ಉಂಡ ಮಕ್ಕಳು. ಕ್ಲಾಸು ಮೇಲೆ ಹೋದದ್ದು ಹೊಟ್ಟೆಗೆ ಗೊತ್ತಿರಲಿಲ್ಲ. ಅವರ ಬೆನ್ನಿಗೇ ಆ ಕ್ಲಾಸಿನ ಅಚ್ಚುತ ಮೇಷ್ಟ್ರ ಸವಾರಿ.

"ಟೀಚರ್, ನನ್ನ ಮಕ್ಕಳು ಉಂಟಾ ಇಲ್ಲಿ?"

"ಉಂಟು ಮಾರಾಯ್ರೆ. ದಿನಾ ಕೇಳುದು ಯಾಕೆ? ಕಣ್ಣಿಗೆ ಕಾಣುದಿಲ್ವಾ?"

"ಕೇಳದೆ ಒಳಗೆ ಬರುದು ಹೇಗೆ?"

ಹಾಗೆ ಹೇಳಿ ಅವನು ಅವಳ ಮುಖ ನೋಡುವನು. ಅವಳು ತಿರುಗಿ ನೋಡಿದಳೋ, ಮಾಡಿನ ಹಂಚು ನೋಡುವನು. ಕಿವಿಯ ತುದಿ ಕೆಂಪಾಗುತ್ತಿತ್ತು. ಆ ಕಿವಿ ನೋಡಿ ಅವಳ ಸಿಟ್ಟು ಅರ್ಧ ಇಳಿಯುತ್ತಿತ್ತು. ಇಳಿದದ್ದಕ್ಕೆ ಇನ್ನೊಂದು ಸಿಟ್ಟು ಬರುತ್ತಿತ್ತು. ಮಕ್ಕಳನ್ನು ಎಬ್ಬಿಸಿ ಕರೆದೊಯ್ಯುವನೋ, ಅದೂ ಇಲ್ಲ. ಅವರು ಉಂಡು ಬಾಯಿ ಒರೆಸುವವರೆಗೆ ಕಂಬಕ್ಕೆ ಒರಗಿ ನಿಲ್ಲುವನು. ಹೋದ ವರ್ಷದ ಒಂದನೇ ಕ್ಲಾಸಿನವರೂ ಹೀಗೇ ಬರುತ್ತಿದ್ದರು; ಅವನು ಹೀಗೆ ನಿಂತು ವರ್ಷದ ಮೇಲಾಯಿತು. ಮಾತು ಮಾತ್ರ ಮಗ್ಗಿ ಮತ್ತು ಮಕ್ಕಳ ನೆಗಡಿ ಬಿಟ್ಟು ಮುಂದೆ ಹೋಗಿರಲಿಲ್ಲ.

"ಈ ಮಾಷ್ಟ್ರು ಬಾಯಿ ಬಿಡುವಾಗ ನನ್ನ ಮರಿಮಕ್ಕಳು ಬಾಲವಾಡಿಗೆ ಬಂದಾರು," ಎಂದು ಅಡುಗೆಯ ಅಮ್ಮು ಸೌಟಿಗೆ ಹೇಳಿದಂತೆ ಹೇಳುವಳು. ಕಮಲಾವತಿಗೆ ಕೇಳುತ್ತಿತ್ತು.

ಅದು ಎಪ್ಪತ್ತೊಂಬತ್ತನೇ ಇಸವಿ. ಸುಳ್ಯದ ಗಡಿಯ ಆ ಊರಿಗೆ ಬಾಲವಾಡಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದನೇ ಕ್ಲಾಸಿನ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದಾರೆ, ಅದಕ್ಕೆ ಬಾಲವಾಡಿಯೇ ಕಾರಣ ಎಂದು ಯಾರೋ ಮೇಲಿನವರ ಕಿವಿ ಊದಿದ್ದರು. ಶಾಲಾ ಇನ್ಸ್‌ಪೆಕ್ಟರ್ ಬಂದು ನೋಡಿ ಹೌದೆಂದರೆ ಬಾಲವಾಡಿ ಬೇರೆ ಊರಿನ ಪಾಲು.

"ನಾಳೆ ಇನ್ಸ್‌ಪೆಕ್ಟರು ಬರ್ತಾರಂತೆ. ಒಂದು ದಿವಸ ಮಕ್ಕಳನ್ನು ಬಿಡಬೇಡಿ," ಎಂದಳು ಕಮಲಾವತಿ. "ಬಾಗಿಲು ಹಾಕಿ."

"ಆಯ್ತು."

ಆಯ್ತು ಎಂದವನ ಮಕ್ಕಳು ಮರುದಿನವೂ ಸರಿಯಾಗಿ ಬಂದರು. ಮುಂದೆ ಪುಟ್ಟ ಹುಡುಗಿ ಸೀತು, ಹಿಂದೆ ಉಳಿದವರು, ಅವರ ಹಿಂದೆ ಪ್ಯಾಂಟು ಎತ್ತಿ ಹಿಡಿದು ತಡಮೆ ದಾಟುತ್ತಿರುವ ಇನ್ಸ್‌ಪೆಕ್ಟರು! ಕೊನೆಗೆ ಅಚ್ಚುತ.

"ಬಾಗಿಲು ಹಾಕ್ಲಿಕ್ಕೆ ಹೇಳಿದ್ದೆನಲ್ಲ?" ಕಮಲಾವತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಹಾಕಿದ್ದೆ. ಸೀತು ಅತ್ತಳು. ತೆಗೆದೆ."

ಇಂಥವನಿಗೆ ಏನೆಂದು ಬೈಯುವುದು!

"ಇದೇನು ಶಾಲೆಯೋ ಹೋಟೆಲೋ?" ಇನ್ಸ್‌ಪೆಕ್ಟರ್ ಗುಡುಗಿದರು. "ಅಲ್ಲಿ ಕೇಳಿದರೆ ಈ ಹುಡುಗಿ ಒಂದು ಅಕ್ಷರ ಓದಲಿಲ್ಲ. ಬಾಲವಾಡಿ ಇಲ್ಲಿರುವವರೆಗೆ ಆ ಕ್ಲಾಸು ಉದ್ಧಾರವಾಗುವುದಿಲ್ಲ. ಬೇರೆ ಊರಿಗೆ ಕೊಡಲು ಬರೆಯುತ್ತೇನೆ."

ಆಗ ಅಚ್ಚುತ ಮುಂದೆ ಬಂದ.

"ಟೀಚರ ತಪ್ಪಿಲ್ಲ ಸಾರ್. ಅವರು ಕರೆದದ್ದಲ್ಲ, ಬಿಟ್ಟದ್ದು ನಾನು. ಬರೀ ಗಂಜಿತಿಳಿ ಕುಡಿದು ಗುಡ್ಡೆ ಇಳಿದು ಬರುವ ಮಕ್ಕಳು. ಹಸಿವೆಯಲ್ಲಿ ಎಂತ ಓದುದು? ಉಂಡ ಮೇಲೆ ಕೇಳಿ ನೋಡಿ."

ಇನ್ಸ್‌ಪೆಕ್ಟರ್ ಕಾದರು. ಸೀತು ಉಂಡು, ಲಂಗಕ್ಕೆ ಕೈ ಒರೆಸಿ, ಗೋಡೆಯ ಅಕ್ಷರಮಾಲೆಯನ್ನು ಅ ಯಿಂದ ಳ ದವರೆಗೆ ಗಟ್ಟಿಯಾಗಿ ಓದಿದಳು. ಓದಿ, "ಇನ್ನು ಸ್ವಲ್ಪ ಉಂಟಾ?" ಎಂದು ಅಮ್ಮುವನ್ನು ಕೇಳಿದಳು. ಇನ್ಸ್‌ಪೆಕ್ಟರಿಗೂ ನಗು ತಡೆಯಲಾಗಲಿಲ್ಲ.

ಬಾಲವಾಡಿ ಉಳಿಯಿತು. ಆದರೆ ಕ್ಲಾಸಿನ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಬಿಡುವ ಮೇಷ್ಟ್ರನ್ನು ಸುಮ್ಮನೆ ಬಿಡುವಂತಿಲ್ಲವಲ್ಲ. ದಸರಾ ರಜೆ ಕಳೆದ ಮೇಲೆ ಪುತ್ತೂರು ಕಡೆಯ ಶಾಲೆಗೆ ಹೋಗಿ ಎಂದು ಹೇಳಿ ಇನ್ಸ್‌ಪೆಕ್ಟರ್ ನಡೆದರು.

"ಎಲ್ಲ ತಪ್ಪು ತಲೆ ಮೇಲೆ ಹಾಕಿಕೊಳ್ಳಲಿಕ್ಕೆ ನಿಮಗೆ ಯಾರು ಹೇಳಿದ್ದು?" ಕಮಲಾವತಿ ಅವನಿಗೆ ಅಡ್ಡ ನಿಂತಳು. "ಈಗ ಹೋಗಿ ಪುತ್ತೂರಿಗೆ!"

"ಬಾಲವಾಡಿ ಹೋದರೆ ನೀವು ಹೋಗ್ತಿದ್ದಿರಿ."

"ಈಗ ನೀವು ಹೋಗುದು. ಲಾಭ ಎಂತ?"

ಈ ಸಲ ಅವನ ಕಣ್ಣು ಅವಳ ಮುಖದಿಂದ ಕದಲಲಿಲ್ಲ.

"ನಿಮ್ಮ ಬರಿ ಬೇರೆ, ನಮ್ಮ ಬರಿ ಬೇರೆ," ಎಂದ.

ಇಬ್ಬರೂ ಗೌಡರು. ಗೌಡರಲ್ಲಿ ಬರಿಯೆಂದರೆ ಗೋತ್ರವಿದ್ದಂತೆ; ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಹುಡುಗಿಯ ಬರಿ ವಿಚಾರಿಸಿದವನ ಮನಸ್ಸಿನಲ್ಲಿ ಏನಿದೆಯೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಸಂತೋಷ ಕಮಲಾವತಿಗೆ ಎಂದೂ ಆಗಿರಲಿಲ್ಲ.

"ಯಾರ ಹತ್ರ ಕೇಳಿದ್ದು?"

"ನಿಮ್ಮ ಸೋದರಮಾವನ ಹತ್ರ."

"ಯಾವಾಗ?"

"ಹೋದ ವರ್ಷ. ನೀವು ಇಲ್ಲಿಗೆ ಬಂದ ವಾರವೇ."

ಸಂತೋಷ ಹಿಂದೆ ಸರಿದು ಸಿಟ್ಟು ಮುಂದೆ ಬಂತು. "ಬರಿ ಕೇಳಿಯೂ ವರ್ಷವಿಡೀ ಮಗ್ಗಿಯ ಸುದ್ದಿ ಮಾತಾಡಿದ್ದಾ! ಮೊನ್ನೆ ಹುಡುಗನ ಕಡೆಯವರು ನೋಡ್ಲಿಕ್ಕೆ ಬಂದಾಗ ತಲೆನೋವು ಅಂತ ಮುಸುಕು ಹಾಕಿ ಮಲಗಿದ್ದೆ. ಯಾರಿಗೋಸ್ಕರ ಅಂತ ಗ್ರಹಿಸಿದ್ದೀರಿ?"

"ನನಗೋಸ್ಕರವಾ?"

"ಅಲ್ಲ, ಇನ್ಸ್‌ಪೆಕ್ಟರಿಗೋಸ್ಕರ!"

ಒಳಗೆ ಅಮ್ಮುವಿನ ಕೈಯಿಂದ ಸೌಟು ಜಾರಿ ಬಿತ್ತು.

"ನೋಡಿ," ಕಮಲಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮದುವೆ ಆದ್ರೂ ನಾನು ಈ ಮಕ್ಕಳನ್ನು ಬಿಟ್ಟು ಪುತ್ತೂರಿಗೆ ಬರುದಿಲ್ಲ. ಶನಿವಾರ ಬಸ್ಸು ಉಂಟು, ನೀವೇ ಬರಬೇಕು. ಆಗುದಾದ್ರೆ ರಜೆಯಲ್ಲಿ ಹಿರಿಯರನ್ನು ಮನೆಗೆ ಕರ್ಕೊಂಡು ಬನ್ನಿ."

"ರಜೆವರೆಗೆ ಯಾಕೆ? ಇವತ್ತೇ ನಮ್ಮ ಊರು ಕೋಡಿಂಬಾಳಕ್ಕೆ ಹೋಗಿ ನಾಳೆ ಬೆಳಿಗ್ಗೆ ಅಪ್ಪನನ್ನು ಕರ್ಕೊಂಡು ಬರ್ತೇನೆ."

"ನಾಳೆಯಾ! ವರ್ಷವಿಡೀ ಬಾಯಿ ಬಿಡದವರಿಗೆ ಈಗ ಎಂತ ಅರ್ಜೆಂಟು ಮಾರಾಯ್ರೆ!" ಎಂದು ಗದರಿದಳು ಕಮಲಾವತಿ. ಗದರಿ, ಅವನು ಬೇಸರದಿಂದ ಮನಸ್ಸು ಬದಲಿಸಿಯಾನೆಂದು ಹೆದರಿ, "ಬೆಳಿಗ್ಗೆ ಬೇಗ ಬನ್ನಿ," ಎಂದಳು.