ಒರಳು ಎರಡರ ಹೆಚ್ಚುವರಿ ಸಾಲು

ಇದು ನಿಜವಾಗಿ ನಡೆದದ್ದು. ಹತ್ತು ಜನರ ಧ್ವನಿ ಅನುಕರಿಸುತ್ತ, ಹೊಟ್ಟೆಪಾಡಿಗೆ ಕಾಲ್ ಸೆಂಟರಿನಲ್ಲಿ ಹನ್ನೊಂದನೆಯ ಧ್ವನಿಯಲ್ಲಿ ಮಾತಾಡುವವನು ಹೀಗೆಂದರೆ ಯಾರೂ ನಂಬುವುದಿಲ್ಲ. ನಂಬಬೇಡಿ. ಆದರೆ ಒಮ್ಮೆ ಮುಂಬಯಿ ಪಕ್ಕದ ಠಾಣೆಯ ನೌಪಾಡಾಕ್ಕೆ ಹೋಗಿ, ಧರ್ಮಪಾಲಣ್ಣನ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಒಂದೇ ಕಾಫಿಗೆ ಮೂರು ಗಂಟೆ ಕುಳಿತು ನೋಡಿ. ಆಮೇಲೆ ಮಾತಾಡೋಣ.

2013ರ ಜೂನ್. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ದಯಾನಂದನ ಫೋನು ಬಂತು.

"ಯತಿನ್, ಎಲ್ಲಿದ್ದಿ?"

"ಮಹಾಪೆ. ಶಿಫ್ಟು. ಯಾಕೆ?"

"ನೂರ ನಲವತ್ತರಲ್ಲಿ ಎಷ್ಟು ಪಾಸು, ಹೇಳು."

"ನೂರ ನಲವತ್ತು?"

"ಸೊನ್ನೆ."

ಅಷ್ಟೇ ಹೇಳಿ ಫೋನಿಟ್ಟ. ರಬಾಳೆಯ ಫ್ಯಾಕ್ಟರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ಡೊಂಬಿವಲಿ ಲೋಕಲಿನಲ್ಲಿ ನಿಂತೇ ಮನೆ ಸೇರುವ ಮನುಷ್ಯ ಅವನು. ಅವನ ಮಾತಿಗೂ ಕೂರುವ ಅಭ್ಯಾಸವಿಲ್ಲ.

ಸ್ವಲ್ಪ ಹಿನ್ನೆಲೆ ಹೇಳಲೇಬೇಕು. ದಯಾನಂದ ಒಂಬತ್ತು ವರ್ಷಗಳ ಭಾನುವಾರಗಳನ್ನು ಸುರಿದು ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದ. ಹೆಸರು ಶ್ಯಾವಿಗೆ. ಆ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಒತ್ತಿ ಕೊಡುವ ಕಂಪೈಲರಿನ ಹೆಸರು ಒರಳು. ಎಲ್ಲವೂ ಉಚಿತ, ಎಲ್ಲವೂ ಬಹಿರಂಗ. ಯಾರು ಬೇಕಾದರೂ ಒಳಗಿನ ಸಾಲುಗಳನ್ನು ಓದಬಹುದು. ಯಾರೂ ಓದುತ್ತಿರಲಿಲ್ಲ ಎಂಬುದು ಬೇರೆ ಮಾತು. "ಅದೇ ಹಿಟ್ಟು ಹಾಕಿದರೆ ಅದೇ ಎಳೆ ಬರಬೇಕು. ಇವತ್ತೂ, ನಾಳೆಯೂ. ಒರಳಿಗೆ ನೆನಪಿಲ್ಲ, ಮುನಿಸಿಲ್ಲ" – ಫಂಕ್ಷನಲ್ ಭಾಷೆ ಎಂದರೇನು ಎಂದು ಕೇಳಿದವರಿಗೆಲ್ಲ ದಯಾನಂದ ಹೀಗೇ ವಿವರಿಸುತ್ತಿದ್ದ. ಕೇಳಿದವರು ಶ್ಯಾವಿಗೆ ತಿಂದು ಹೋಗುತ್ತಿದ್ದರು.

ಲೋಕದಲ್ಲಿ ಶ್ಯಾವಿಗೆ ಬಳಸುವವರು ಉಳಿದಿದ್ದದ್ದು ಒಂದೇ ಕಡೆ – ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಅರವತ್ತು ಮಕ್ಕಳು. ಅಲ್ಲಿನ ಪ್ರಣೀತಾ ಮೇಡಂ ಕೊನೆಯ ಅವಕಾಶ ಕೊಟ್ಟಿದ್ದರು. ಸೋಮವಾರ ಹತ್ತು ಗಂಟೆಗೆ ಹೊಸ ಒರಳು ನೂರ ನಲವತ್ತು ಪರೀಕ್ಷೆ ದಾಟಬೇಕು. ದಾಟದಿದ್ದರೆ ಪಠ್ಯದಿಂದ ಹೊರಗೆ. ಹೊರಗೆ ಹೋದರೆ, "ಅಂಗಡಿ ಮುಚ್ಚುತ್ತೇನೆ" ಎಂದಿದ್ದ ದಯಾನಂದ. ಹೊಸ ಆವೃತ್ತಿಯ ಬೆನ್ನಿಗೇ ನಿವೃತ್ತಿ ಎಂದು ನಾನು ನಕ್ಕಿದ್ದೆ. ಅವನು ನಕ್ಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹೋಟೆಲು ಸೇರಿದೆವು. ಜ್ಯೂಸ್ ಕೌಂಟರಿನ ಪಕ್ಕದ ಅದೇ ಮೂಲೆ ಟೇಬಲ್. ನಾನು, ದಯಾನಂದ, ಮುರಾರಿ – ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಹುಟ್ಟಿದರೂ ಅಪ್ಪನ ಹುಬ್ಬಳ್ಳಿ ಮಾತನ್ನು ಬಿಡದ ಹುಡುಗ. ದಯಾನಂದನನ್ನು ಬಿಟ್ಟರೆ ಒರಳಿಗೆ ಕೈ ಹಾಕಬಲ್ಲವನು ಅವನೊಬ್ಬನೇ. ಬಳಕೆಯ ಕೈಪಿಡಿ ಬರೆಯುವುದಷ್ಟೇ ನನ್ನ ಕೆಲಸ.

ದಯಾನಂದ ಲ್ಯಾಪ್‌ಟಾಪ್ ತಿರುಗಿಸಿದ. ಎರಡು ಮತ್ತು ಎರಡನ್ನು ಕೂಡಿಸುವ ಒಂದು ಪ್ರೋಗ್ರಾಮ್. ಪರದೆಯ ಮೇಲೆ ನಾಲ್ಕು ಎಂದು ಬಂತು. ಕೆಳಗೆ ಯಾರೂ ಕೇಳದ ಇನ್ನೊಂದು ಸಾಲು. ಅವನೇ ಗಟ್ಟಿಯಾಗಿ ಓದಿದ:

ಆಯ್ತಲ್ಲಾ? ಏಳಿ ಮಾರಾಯ್ರೆ, ಫೋನಿನವರು ಕಾಯ್ತಿದ್ದಾರೆ.

ನಾನು ಕಿಸಕ್ಕನೆ ನಕ್ಕೆ. ತಪ್ಪಾಯಿತು.

"ನಗು. ನಗು. ನೂರ ನಲವತ್ತಕ್ಕೂ ಇದೇ ಬಾಲ. ಕಾಲೇಜಿನ ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಒಂದು ಸಾಲು ಹೆಚ್ಚಾದರೂ ಫೇಲ್." ದಯಾನಂದ ನನ್ನ ಮುಖಕ್ಕೇ ಕೈ ತಂದ. "ಇದು ಯಾರ ಮಾತು?"

"ಧರ್ಮಪಾಲಣ್ಣನದ್ದು. ಕಾಫಿ ಮುಗಿದರೂ ಏಳದವರಿಗೆ ಹೇಳುವುದು."

"ಧರ್ಮಪಾಲಣ್ಣನ ಮಿಮಿಕ್ರಿ ಮಾಡುವವನು ಯಾರು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಕರ್ನಾಟಕ ಸಂಘದ ವಾರ್ಷಿಕೋತ್ಸವದಲ್ಲಿ ಅದೇ ಐಟಮ್ಮಿಗೆ ನನಗೆ ಸ್ಟೀಲ್ ಡಬ್ಬಿ ಸಿಕ್ಕಿತ್ತು.

"ಅರೆ ಯಾರ್, ನನಗೆ ಕೋಡ್ ಬರೆಯಲಿಕ್ಕೇ ಬರುವುದಿಲ್ಲ! ತಲೆಗೆ ಕೋಡು ಬೇಕಾದರೆ ಬಂದೀತು."

"ನಿನಗೆ ಬರುವುದಿಲ್ಲ. ಇವನಿಗೆ ಬರುತ್ತದೆ." ಅವನ ಕಣ್ಣು ಮುರಾರಿಯ ಕಡೆ ಹೊರಳಿತು. "ಹೊಸ ಕಂಪನಿಯವರು ಕರೆದಿದ್ದಾರಂತಲ್ಲ? ಅವರದ್ದೂ ಒಂದು ಭಾಷೆ ಉಂಟಂತಲ್ಲ?"

ಮುರಾರಿಯ ಮುಖ ಕೆಂಪಾಯಿತು. "ಏನ್ರೀ ದಯಾಣ್ಣ, ಹಿಂಗಾ ಮಾತಾಡೂದು? ನಿನ್ನೆಯಿಂದ ಎರಡು ಸಲ ಓದೇನಿ. ಹನ್ನೆರಡು ಸಾವಿರ ಸಾಲು. ಈ ಮಾತು ಎಲ್ಲೂ ಇಲ್ಲ. ಅದರ ವಾಸನೀನೂ ಇಲ್ಲ."

"ಇಲ್ಲದ್ದು ಹೇಗೆ ಬರುತ್ತದೆ?"

"ಅದಽ ತಿಳೀವಲ್ದು!"

ಬಗ್ಗಿ ಹುಡುಕಿದರೂ ಬಗ್ ಸಿಗದ ಪ್ರಕರಣ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಇಬ್ಬರೂ ಹೋಗಿ," ಎಂದ ದಯಾನಂದ. ಕೂಗಲಿಲ್ಲ. ಅದೇ ಕಷ್ಟವಾದದ್ದು. "ಇನ್ನು ಬರಬೇಡಿ."

"ಕೂತ್ಕೊಳ್ಳಿ ಮೂವರೂ," ಎಂದಿತು ಪಕ್ಕದ ಟೇಬಲ್.

ಜಲಜಾಕ್ಷಿ. ಎಲ್ಲರಿಗೂ ಜಲಜಕ್ಕ. ಈ ಹೋಟೆಲಿನ ಹಿಟ್ಟಿನ ಕೋಣೆಗೆ ಇಪ್ಪತ್ತಾರು ವರ್ಷಗಳಿಂದ ಅವರೇ ಯಜಮಾನಿ. ಗಿರಾಕಿ ಕಡಿಮೆ ಇರುವ ಈ ಹೊತ್ತಿನಲ್ಲಿ ಮೊರದ ತುಂಬ ಉದ್ದು ಹರಡಿಕೊಂಡು ಕಲ್ಲು ಆರಿಸುತ್ತ ಕೂರುವುದು ಅವರ ಪದ್ಧತಿ. ದೇವರ ಕೋಣೆಯ ಬೆಳ್ಳಿ ದೀಪ ಕಳೆದಾಗ ಪೊಲೀಸರಿಗಿಂತ ಮೊದಲು ಅದನ್ನು ನೀರಿನ ಟ್ಯಾಂಕಿನಲ್ಲಿ ಹುಡುಕಿಸಿದವರು ಅವರು.

"ಜಲಜಕ್ಕ, ಇದು ಕಂಪ್ಯೂಟರಿನ ವಿಷಯ..."

"ಹೌದಾ? ನನಗೆ ಮನುಷ್ಯರ ವಿಷಯ ಅಂತ ಕೇಳಿಸಿತು." ಕಣ್ಣು ಮೊರದ ಮೇಲೆಯೇ. "ಯತಿನ್, ಆ ಧರ್ಮಪಾಲಣ್ಣನ ಮಾತು ಒಮ್ಮೆ ಹೇಳು ನೋಡುವ. ಸಂಘದಲ್ಲಿ ಹೇಳಿದ ಹಾಗೆಯೇ."

"ಈಗ? ಇಲ್ಲಿ?"

"ಇಲ್ಲಿ."

ಗಂಟಲು ಸರಿಮಾಡಿಕೊಂಡೆ. ಹೊಟ್ಟೆ ಮುಂದೆ ತಂದೆ. ಮೂಗಿನಿಂದ ಹೇಳಿದೆ: "ಆಯ್ತಲ್ಲಾ? ಏಳಿ ಮಾರಾಯ್ರೆ, ಜ್ಯೂಸಿನವರು ಕಾಯ್ತಿದ್ದಾರೆ!"

ಕ್ಯಾಶ್ ಕೌಂಟರಿನಿಂದ ಅಸಲಿ ಧರ್ಮಪಾಲಣ್ಣ ಕತ್ತೆತ್ತಿ ನೋಡಿದ. ಜಲಜಕ್ಕ ಒಂದು ಕಲ್ಲು ಹೆಕ್ಕಿ ನೆಲಕ್ಕೆ ಹಾಕಿದರು.

"ನೀನು ಈ ಗುಂಪಿಗೆ ಸೇರಿದ್ದು ಯಾವಾಗ?"

"2011."

"ಮುರಾರಿ?"

"ಎರಡು ಸಾವಿರದ ಹತ್ತರಾಗ್ರೀ. ದೀಪಾವಳಿ ಹೊತ್ತಿಗೆ."

"ದಯಾನಂದ, ಈ ಕೆಟ್ಟ ಸಾಲು ಮೊದಲು ಬಂದದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ಶುಕ್ರವಾರ ಎಲ್ಲವೂ ಪಾಸಾಗಿತ್ತು."

"ನಡುವೆ ಎಂತ ಮಾಡಿದಿ?"

"ಏನೂ ಇಲ್ಲ."

"ಏನೂ ಇಲ್ಲವಾ?"

"ಹೆಸರು ಬದಲಿಸಿದೆ ಅಷ್ಟೆ. ಒಂದು ಇದ್ದದ್ದನ್ನು ಎರಡು ಮಾಡಿದೆ. ಒರಳು, ಆವೃತ್ತಿ ಎರಡು."

"ಇಷ್ಟು ವರ್ಷ ಎರಡು ಆಗಿರಲಿಲ್ಲವಾ?"

"ಎಲ್ಲಿಂದ?" ದಯಾನಂದ ಹಣೆ ಉಜ್ಜಿಕೊಂಡ. "ಒಂದು ಪಾಯಿಂಟ್ ಮೂರು, ಒಂದು ಪಾಯಿಂಟ್ ಐದು... ಹೀಗೇ ತೆವಳಿದ್ದು. ಎರಡು ಬರುವುದೇ ಇಲ್ಲ ಅಂತ ಅಕ್ಷಿತ್ ಪಂಥ ಕಟ್ಟಿದ್ದ. ಬಂದರೆ ನಾನೇ ಬಂದು ನಿನ್ನನ್ನು ಈ ಟೇಬಲ್ಲಿನಿಂದ ಎಬ್ಬಿಸ್ತೇನೆ ಅನ್ನುತ್ತಿದ್ದ."

ಅಕ್ಷಿತನನ್ನು ನಾನು ಕಂಡಿಲ್ಲ. ಇವನ ಜೊತೆ ಶ್ಯಾವಿಗೆ ಶುರು ಮಾಡಿದವನು. 2009ರಲ್ಲಿ ಕಾಮಾಲೆ, ಇಪ್ಪತ್ತೇ ದಿನದಲ್ಲಿ ತೀರಿಕೊಂಡ. ಅವನ ಮಾತು ಬಂದಾಗಲೆಲ್ಲ ದಯಾನಂದ ಕಾಫಿ ತರಿಸುತ್ತಾನೆ. ಈಗಲೂ ಕೈ ಎತ್ತಿದ. ಅರ್ಧದಲ್ಲೇ ಇಳಿಸಿದ.

"ಇನ್ನೊಂದು ಕೇಳ್ತೇನೆ," ಎಂದರು ಜಲಜಕ್ಕ. "ಈ ಒರಳನ್ನು ಯಾವುದರಲ್ಲಿ ಬರೆದದ್ದು?"

"ಶ್ಯಾವಿಗೆಯಲ್ಲೇ."

"ಶ್ಯಾವಿಗೆಯನ್ನು ಒತ್ತಲಿಕ್ಕೆ ಒರಳು ಬೇಕು. ಹಾಗಾದರೆ ಹೊಸ ಒರಳನ್ನು ಒತ್ತಿದ್ದು ಯಾವುದು?"

"ಹಳೆಯ ಒರಳು."

"ಅದನ್ನು?"

"ಅದಕ್ಕಿಂತ ಹಳೆಯದು."

ಜಲಜಕ್ಕನ ಬೆರಳು ನಿಂತಿತು.

"1996ರ ಶ್ರಾವಣದಲ್ಲಿ ನಮ್ಮ ದೋಸೆಗೆ ಮುಗ್ಗು ವಾಸನೆ ಹಿಡಿಯಿತು. ಅಕ್ಕಿ ಬದಲಿಸಿದೆವು, ಉದ್ದು ಬದಲಿಸಿದೆವು, ಗ್ರೈಂಡರನ್ನು ಕುದಿನೀರಲ್ಲಿ ತೊಳೆದೆವು. ಹೋಗಲಿಲ್ಲ. ರುಬ್ಬುವ ಶಂಭುವಿನ ಕೈಯೇ ಕೊಳಕು ಅಂತ ಅವನನ್ನು ಕಳಿಸಿದರು. ಆದರೂ ಹೋಗಲಿಲ್ಲ."

"ಮತ್ತೆ?"

"ಹೊಸ ಹಿಟ್ಟು ಬೇಗ ಹುದುಗಲಿ ಅಂತ ದಿನಾ ಅದಕ್ಕೆ ನಿನ್ನೆಯ ಹಿಟ್ಟು ಒಂದು ಸೌಟು ಹಾಕ್ತೇವೆ. ನಿನ್ನೆಯದಕ್ಕೆ ಮೊನ್ನೆಯದ್ದು. ಮುಗ್ಗು ಇದ್ದದ್ದು ಆ ಸೌಟಿನಲ್ಲಿ. ಅಕ್ಕಿ ಎಷ್ಟು ತೊಳೆದರೂ ಎಂತ ಪ್ರಯೋಜನ?" ಅವರು ಮೊರ ಬದಿಗಿಟ್ಟರು. "ಮುರಾರಿ ಎರಡು ಸಲ ಅಕ್ಕಿ ಆರಿಸಿದ್ದಾನೆ. ಅಕ್ಕಿಯಲ್ಲಿ ಕಲ್ಲಿಲ್ಲ. ನಿಮ್ಮ ಸೌಟು ಯಾರದ್ದು?"

ಮುರಾರಿ ಬಾಯಿ ತೆರೆದವನು ಮುಚ್ಚಲಿಲ್ಲ. "ಅಯ್ಯ... ಕಂಪೈಲರ್ ತನ್ನ ಮುಂದಿನ ಕಂಪೈಲರಿಗೆ ತಾನಽ ಸೇರಿಸಿಕೋಂತ ಬಂದದ! ಮೂಲದಾಗ ಬರೀಬೇಕಂತಿಲ್ಲ!"

"ಸಾಧ್ಯವೇ ಇಲ್ಲ," ಎಂದ ದಯಾನಂದ. "ಒರಳಿಗೆ ನೆನಪಿಲ್ಲ..."



"ಮೊದಲನೆಯ ಸೌಟು ಹಾಕಿದ್ದು ಯಾರು, ದಯಾನಂದ? ಒರಳು ತನ್ನನ್ನು ತಾನೇ ಒತ್ತಿಕೊಂಡ ಮೊದಲ ದಿನ?"

"2008ರಲ್ಲಿ. ನನಗೆ ಚಿಕೂನ್‌ಗುನ್ಯಾ. ಅಕ್ಷಿತ್ ಒಬ್ಬನೇ ಇಲ್ಲಿ ಕೂತು ಮಾಡಿದ. ಸಿಡಿ ತಂದುಕೊಟ್ಟು, ತಗೋ, ಕೂಸು ಹುಟ್ಟಿತು ಅಂದ."

"ಸಾಲನ್ನು ಮತ್ತೊಮ್ಮೆ ಓದು."

ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದ. ನಾನೇ ಓದಿದೆ. "...ಫೋನಿನವರು ಕಾಯ್ತಿದ್ದಾರೆ."

"ಈ ಹೋಟೆಲಿನಲ್ಲಿ ಫೋನೆಲ್ಲಿದೆ?"

ನಾನು ಸುತ್ತ ನೋಡಿದೆ. ಎಲ್ಲರ ಕಿಸೆಯಲ್ಲೂ ಇತ್ತು. ಕಾಯುವವರು ಯಾರೂ ಇರಲಿಲ್ಲ.

"ಈ ಜ್ಯೂಸ್ ಕೌಂಟರ್ ಇರುವ ಜಾಗದಲ್ಲಿ ಎಸ್‌ಟಿಡಿ ಬೂತ್ ಇತ್ತು," ಎಂದರು ಜಲಜಕ್ಕ. "ಊರಿಗೆ ಫೋನ್ ಮಾಡುವವರು ನಿಮ್ಮ ಈ ಟೇಬಲ್ಲಿನ ಹತ್ತಿರವೇ ಸಾಲು ನಿಲ್ತಿದ್ದರು. 2009ರಲ್ಲಿ ಕಿತ್ತರು. ಯತಿನ್ ಧರ್ಮಪಾಲಣ್ಣನಿಂದ ಕಲಿತದ್ದು ಜ್ಯೂಸಿನ ಸಾಲು. ಫೋನಿನ ಸಾಲು ಅವನು ಕೇಳಿಯೇ ಇಲ್ಲ, ಮುರಾರಿಯೂ ಇಲ್ಲ. ನೀವೆಲ್ಲ ಮಾತು ಯಾರ ಹಾಗಿದೆ ಅಂತ ನೋಡಿದಿರಿ. ಮಾತಿನಲ್ಲಿ ಎಂತ ಇದೆ ಅಂತ ನೋಡಲಿಲ್ಲ. ಬೂತ್ ಇದ್ದಾಗ ಇಲ್ಲಿ ಕೂತವರು ಇಬ್ಬರೇ. ಒಬ್ಬ ನೀನು. ನಿನ್ನ ಮುಖ ನೋಡಿದರೆ ನೀನಲ್ಲ. ಇದು ಮಾಡಿದ್ದು ಅಕ್ಷಿತ್."

ಜ್ಯೂಸ್ ಮಿಕ್ಸರ್ ಒಮ್ಮೆ ಗರ್ ಎಂದು ನಿಂತಿತು.

"ಎರಡು ಅನ್ನೂ ಹೆಸರಿಗಾಗಿ ಕಾದು ಕುಂತಿತ್ತು," ಎಂದ ಮುರಾರಿ ಮೆಲ್ಲಗೆ. "ಐದು ವರ್ಷ."

"ತೆಗೆಯಲಿಕ್ಕೆ ಆಗ್ತದಾ?" ನಾನು ಕೇಳಿದೆ.

"ಅಕ್ಷಿತಣ್ಣನ ಸೌಟಿಗಿಂತ ಹಳೇ ಹಿಟ್ಟು ಬೇಕು. ಕೈಲೆ ಕಟ್ಟಿದ ಮೊಟ್ಟಮೊದಲ ಒರಳು."

"ಅದು ಇನ್ನೊಂದು ಸಿಡಿಯಲ್ಲಿತ್ತು," ಎಂದ ದಯಾನಂದ. "ಪಾರಿವಾಳ ಓಡಿಸಲಿಕ್ಕೆ ಅಮ್ಮ ಬಾಲ್ಕನಿಯಲ್ಲಿ ನೇತುಹಾಕಿದ್ದಾಳೆ. ನಾಲ್ಕು ಮಳೆಗಾಲ ಆಯಿತು. ಪಾರಿವಾಳಗಳೂ ಹೆದರುವುದಿಲ್ಲ."

ಉಳಿದದ್ದು ಒಂದೇ ದಾರಿ. ಮುರಾರಿ ಹೆಸರನ್ನು ಒಂದು ಪಾಯಿಂಟ್ ತೊಂಬತ್ತೊಂಬತ್ತು ಎಂದು ತಿದ್ದಿ, ಒತ್ತಿ, ಓಡಿಸಿದ. ನಾಲ್ಕು ಬಂತು. ಕೆಳಗೆ ಖಾಲಿ. ನೂರ ನಲವತ್ತಕ್ಕೆ ನೂರ ನಲವತ್ತು.

ದಯಾನಂದ ನಮ್ಮಿಬ್ಬರ ಮುಖ ನೋಡಲಿಲ್ಲ. "ಶಂಭು ಆಮೇಲೆ ವಾಪಸು ಬಂದನಾ, ಜಲಜಕ್ಕ?" ಎಂದು ಕೇಳಿದ.

"ಇಲ್ಲ."

ಅವನು ಮೂರು ಕಾಫಿ ಹೇಳಿದ. ಆಮೇಲೆ ಮೂರನ್ನು ನಾಲ್ಕು ಮಾಡಿದ. ಕ್ಷಮಾಪಣೆ ಅಷ್ಟೇ. ನಮಗೆ ಸಾಕಾಯಿತು.

ಸೋಮವಾರ ಹತ್ತಕ್ಕೆ ಒರಳು ಕಾಲೇಜಿನ ಪರೀಕ್ಷೆ ದಾಟಿತು. ನಾಲ್ಕೂವರೆಗೆ ಪ್ರಣೀತಾ ಮೇಡಂ ಬರೆದ ಮೇಲ್ ಬಂತು. ಎಲ್ಲ ಪಾಸಾದದ್ದು ಸಂತೋಷ. ಆದರೆ ಕಮಿಟಿಯವರು ತಮಗೂ ಹೇಳದೆ ಕಳೆದ ವಾರವೇ ಬೇರೆ ಭಾಷೆಯನ್ನು ಆಯ್ದಿದ್ದಾರೆ. ಕೆಲಸ ಕೊಡಿಸುವ ಭಾಷೆ ಬೇಕಂತೆ. ತಮಗೆ ಬೇಸರವಾಗಿದೆ. ನಾಲ್ಕು ಸಾಲು, ಒಂದೂ ಹೆಚ್ಚುವರಿ ಇರಲಿಲ್ಲ.

ಆರು ಗಂಟೆಗೆ ನಾನು ಹೋಟೆಲಿಗೆ ಬಂದಾಗ ಮೂಲೆ ಟೇಬಲ್ಲಿನಲ್ಲಿ ದಯಾನಂದ ಒಬ್ಬನೇ ಇದ್ದ. ಸುತ್ತ ಸಂಜೆಯ ಗದ್ದಲ. ಮುರಾರಿ ನನ್ನ ಹಿಂದೆಯೇ ಬಂದ. ಸಮಾಧಾನದ ಮಾತು ಯಾರ ಧ್ವನಿಯಲ್ಲಿ ಹೇಳಬೇಕೆಂದು ತಿಳಿಯದೆ ಎದುರು ಕುಳಿತೆ.

"ಇನ್ನು ಯಾರಿಗೂ ಬೇಡ ಅಲ್ಲವಾ ಇದು?" ಎಂದ ದಯಾನಂದ.



ಅವನು ಹೆಸರನ್ನು ಮತ್ತೆ ಎರಡು ಎಂದು ತಿದ್ದಿದ. ಒತ್ತಿದ. ಅದೇ ಕೂಡಿಸುವ ಪ್ರೋಗ್ರಾಮನ್ನು ಓಡಿಸಿದ. ನಾಲ್ಕು ಬಂತು. ಕೆಳಗೆ, ನಾಲ್ಕು ವರ್ಷ ಹಿಂದೆ ತೀರಿಕೊಂಡವನು ಹೇಳಿದ:

ಆಯ್ತಲ್ಲಾ? ಏಳಿ ಮಾರಾಯ್ರೆ, ಫೋನಿನವರು ಕಾಯ್ತಿದ್ದಾರೆ.

"ಬಂದನಲ್ಲ," ಎಂದ ದಯಾನಂದ. "ಎಬ್ಬಿಸ್ತೇನೆ ಅಂದಿದ್ದ. ಬಂದ."

ಆಗಲೇ ಕ್ಯಾಶ್ ಕೌಂಟರಿನಿಂದ ಧರ್ಮಪಾಲಣ್ಣ ಮೂಗಿನಲ್ಲಿ ಕೂಗಿದ: "ಆಯ್ತಲ್ಲಾ? ಏಳಿ ಮಾರಾಯ್ರೆ, ಜ್ಯೂಸಿನವರು ಕಾಯ್ತಿದ್ದಾರೆ!"

ಮುರಾರಿ ಬಾಯಿಗೆ ಕೈ ಅಡ್ಡ ಹಿಡಿದ. ನಾನು ಹಲ್ಲು ಕಚ್ಚಿದೆ. ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಜಲಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ದಯಾನಂದ. ಟೇಬಲ್ ಬಡಿದು ನಕ್ಕ, ಕಣ್ಣೊರೆಸಿಕೊಂಡು ನಕ್ಕ, ಜ್ಯೂಸಿಗೆ ನಿಂತವರು ತಿರುಗಿ ನೋಡುವಷ್ಟು ನಕ್ಕ. ನಗುತ್ತಲೇ ಲ್ಯಾಪ್‌ಟಾಪ್ ಮುಚ್ಚಿದ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ, ಎರಡನೆಯ ಬಾರಿ ಹೇಳಿಸಿಕೊಳ್ಳದೆ, ಟೇಬಲ್ ಬಿಟ್ಟು ಎದ್ದ.