ದೀಪದ ಸಾಲು

"ಎಲ್ಲೇ ನಿಮ್ಮಮ್ಮನ ಹೆಸರು?" ಸಭಾಂಗಣದ ಬಾಗಿಲಿಗೆ ಅಂಟಿಸಿದ್ದ ಪೋಸ್ಟರಿಗೆ ಮೂಗು ತಾಗಿಸಿ ರೇಡಿಯೋ ಕೇಳಿದಳು.

ರೇಡಿಯೋ ಗುಬ್ಬಿಯ ಕ್ಲಾಸಿನವಳು. ಅವಳ ಕಿವಿಗೆ ಬಿದ್ದ ಸುದ್ದಿ ಮರುದಿನ ಮೊದಲ ಬೆಲ್ ಹೊಡೆಯುವುದರೊಳಗೆ ಇಡೀ ಸ್ಕೂಲಿಗೆ ಗೊತ್ತಾಗುತ್ತಿತ್ತು. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ.

ಗುಬ್ಬಿ ಕೆಳಗಿನ ಮೂಲೆ ತೋರಿಸಿದಳು. ಪೋಸ್ಟರಿನ ತುಂಬ ಹಾಡುವ ಆಂಟಿಯ ಫೋಟೋ. ಅದರ ಕಾಲ ಬಳಿ, ಇರುವೆಯಷ್ಟು ಅಕ್ಷರದಲ್ಲಿ 'ಪಿಯಾನೋ' ಎಂದು ಬರೆದು, ಪಕ್ಕದಲ್ಲಿ ಅಮ್ಮನ ಹೆಸರು ಹಾಕಿದ್ದರು.

"ಇಷ್ಟೇನಾ? ಹಾಗಾದ್ರೆ ನಿಮ್ಮಮ್ಮ ಬರೀ ಸೈಡು."

ಗುಬ್ಬಿಗೆ ಮೈಯೆಲ್ಲ ಉರಿಯಿತು. ತಿಂಗಳಿಂದ ಅಮ್ಮ ಅಡುಗೆ ಮಾಡುವಾಗಲೂ ಕಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು. ಒಮ್ಮೆ ಹಾಲು ಉಕ್ಕಿ ಹರಿದದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ಅದು ಸೈಡಾ?

ವೇದಿಕೆಯ ಹಿಂದಿನ ಕೋಣೆಗೆ ಹೋದವಳೇ ಅಮ್ಮನ ಸೆರಗು ಜಗ್ಗಿದಳು. "ಇವತ್ತು ಜೋರಾಗಿ ನುಡಿಸಮ್ಮ. ಎಲ್ಲರಿಗೂ ನಿನ್ನದೇ ಕೇಳಿಸಬೇಕು."

"ನಾನು ಜೋರು ಮಾಡಿದ್ರೆ ಅವರ ಹಾಡು ಎಲ್ಲಿಗೆ ಹೋಗ್ಬೇಕು?" ಅಮ್ಮ ನಕ್ಕಳು. "ನೀನು ನಿನ್ನ ಕೆಲಸ ನೋಡು. ನಾನು ತಲೆ ಆಡಿಸಿದಾಗ ಮೇಲಿನ ಮೂಲೆ ಹಿಡಿದು ತಿರುಗಿಸ್ಬೇಕು. ಒಂದೇ ಹಾಳೆ, ಎರಡಲ್ಲ."

ಇವತ್ತು ಅಮ್ಮನ ಎದುರು ಸ್ವರ ಬರೆದಿಟ್ಟ ಹಾಳೆ ತಿರುಗಿಸುವವಳು ಗುಬ್ಬಿಯೇ. ಹತ್ತು ವರ್ಷಕ್ಕೆ ಅದೇನು ಸಣ್ಣ ಕೆಲಸವಲ್ಲ.

ಹಾಡುಗಳು ಒಂದೊಂದಾಗಿ ಬಂದವು. ಪಿಯಾನೋ ಪಕ್ಕ ಕೂತರೆ ಹೊರಗಿನವರಿಗೆ ಕೇಳಿಸದ್ದೆಲ್ಲ ಕೇಳಿಸುತ್ತದೆ. ಪೆಡಲಿನ ಮೆಲ್ಲನೆಯ ಸದ್ದು, ಆಂಟಿ ಉಸಿರೆಳೆದುಕೊಳ್ಳುವುದು, ಅದೇ ಕ್ಷಣಕ್ಕೆ ಅಮ್ಮನೂ ಉಸಿರೆಳೆದುಕೊಳ್ಳುವುದು. ಹಾಡುವುದು ಒಬ್ಬರು, ಉಸಿರು ಮಾತ್ರ ಇಬ್ಬರದು. ಗುಬ್ಬಿಗೆ ಇದು ವಿಚಿತ್ರವೆನಿಸಿತು.

ಕೊನೆಯದು ನಿದ್ದೆಗೆ ಜಾರುವ ಹೊಳೆಯ ಹಾಡು. ಮೊದಲು ಹೊಳೆಯ ಸಾಲು, ಆಮೇಲೆ ದೋಣಿಯದು, ಆಮೇಲೆ ದಡದ ದೀಪದ್ದು. ಹಾಳೆ ತಿರುಗಿಸಿದರೆ ಮನೆ. ಅಮ್ಮನ ಎಡಗೈಯಲ್ಲಿ ನೀರು ತೂಗುತ್ತಿತ್ತು. ಗುಬ್ಬಿಯ ಕಣ್ಣುಗಳು ಅರೆಮುಚ್ಚಿದವು. ಕುರ್ಚಿಯೇ ದೋಣಿಯಾಗಿ ತೇಲಿದ ಹಾಗಾಯಿತು. ಬಾಗಿಲು, ಪೋಸ್ಟರು, ರೇಡಿಯೋ ಎಲ್ಲ ದೂರದ ದಡದಲ್ಲಿ ಉಳಿದವು.

ದೋಣಿಯ ಸಾಲು ಮುಗಿಯಿತು. ಆಂಟಿ ಉಸಿರೆಳೆದುಕೊಂಡು ಹಾಡಿದರು. ಮನೆ.

ಗುಬ್ಬಿಗೆ ಥಟ್ಟನೆ ಎಚ್ಚರವಾಯಿತು. ದೀಪ ಎಲ್ಲಿ ಹೋಯಿತು?

ಅಮ್ಮನ ಕೈಗಳು ಆಗಲೇ ಮನೆಯಲ್ಲಿದ್ದವು. ಕಣ್ಣು ಆಂಟಿಯ ಬೆನ್ನಿನ ಮೇಲಿತ್ತು. ಹಾಡು ಎಲ್ಲೂ ಎಡವಲಿಲ್ಲ. ಆದರೆ ಎದುರಿಗಿದ್ದ ಹಾಳೆ ಇನ್ನೂ ದೀಪದ್ದೇ. ತಲೆ ಆಡಿಸುವಷ್ಟು ಪುರುಸೊತ್ತೂ ಅಮ್ಮನಿಗಿರಲಿಲ್ಲ.

ಕಾಯಬೇಕೇ? ಗುಬ್ಬಿ ಎದ್ದು, ಮೇಲಿನ ಮೂಲೆ ಹಿಡಿದು, ತಾನಾಗಿಯೇ ತಿರುಗಿಸಿಬಿಟ್ಟಳು. ಒಂದೇ ಹಾಳೆ.

ಅಮ್ಮನ ಹುಬ್ಬು ಚೂರೇ ಚೂರು ಮೇಲೆ ಹೋಗಿ ಕೆಳಗಿಳಿಯಿತು.

ಚಪ್ಪಾಳೆಯೋ ಚಪ್ಪಾಳೆ. ಹೂವೆಲ್ಲ ಆಂಟಿಗೆ. ಪರದೆಯ ಹಿಂದೆ ಬಂದ ಮೇಲೆ ಆಂಟಿ ಅಮ್ಮನ ಕೈ ಹಿಡಿದುಕೊಂಡರು. "ದೀಪದ ಸಾಲನ್ನೇ ಹಾರಿಸಿಬಿಟ್ಟೆ ಅಕ್ಕ. ನೀವಿಲ್ಲದಿದ್ರೆ ಮಾನ ಹೋಗ್ತಿತ್ತು."

"ಯಾರಿಗೂ ಗೊತ್ತಾಗಿಲ್ಲ ಬಿಡಿ," ಎಂದಳು ಅಮ್ಮ.

ಹೊರಗೆ ರೇಡಿಯೋ ಕಾದಿದ್ದಳು. "ಆ ಆಂಟಿ ಸೂಪರ್ ಕಣೇ. ಒಂದಾದ್ರೂ ಮಿಸ್ಟೇಕ್ ಮಾಡಿದ್ರಾ? ನಿಮ್ಮಮ್ಮನೂ ಪರವಾಗಿಲ್ಲ."

ಗುಬ್ಬಿಯ ನಾಲಿಗೆಯ ತುದಿಗೇ ಬಂದಿತ್ತು. ಒಂದು ಮಾತು ಆಡಿದರೆ ಸಾಕು, ನಾಳೆ ಇಡೀ ಸ್ಕೂಲಿಗೆ ಗೊತ್ತಾಗುತ್ತಿತ್ತು, ಯಾರು ಸೈಡು ಎಂದು. ಅವಳು ತಿರುಗಿ ನೋಡಿದಳು. ಅಮ್ಮ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಹೂಂ," ಎಂದಳು ಗುಬ್ಬಿ. "ಒಂದೂ ಮಿಸ್ಟೇಕ್ ಇಲ್ಲ."

ಮನೆಯ ದಾರಿಯಲ್ಲಿ ಸಂಜೆಯ ಬೆಳಕು ಇನ್ನೂ ಇತ್ತು. ಸ್ವಲ್ಪ ದೂರ ಇಬ್ಬರೂ ನಡೆದರು. ಆಮೇಲೆ ಅಮ್ಮ ಮೆಲ್ಲಗೆ ಉಸಿರೆಳೆದುಕೊಂಡಳು. ಯಾವ ಸಾಲು ಎಂದು ಗುಬ್ಬಿಗೆ ಗೊತ್ತಾಗಿಹೋಯಿತು. ಅವಳೂ ಉಸಿರೆಳೆದುಕೊಂಡಳು.

"ದಡದ ದೀಪವೆ, ಕೊಂಚ ತಾಳು,
ನಿದ್ದೆ ಬಂದಿದೆ ಹೊಳೆಗೆ..."

ಇಬ್ಬರ ದನಿಯೂ ಒಟ್ಟಿಗೇ ಎದ್ದಿತು.