ಮುಹೂರ್ತ ಮುಗಿದ ಫೈಲುಗಳು

"ಕೈ ತೆಗೀರಿ! ಎಂಟರ್ ಒತ್ತಬೇಡಿ!"

ಬಾಗಿಲಿನಿಂದ ಬಂದ ಕೂಗಿಗೆ ಶ್ಯಾಮಲಾ ಬೆಚ್ಚಿಬಿದ್ದಳು. ಬೆಚ್ಚಿದರೂ ಬೆರಳು ಮಾತ್ರ ಕೀಲಿಯ ಮೇಲಿಂದ ಏಳಲಿಲ್ಲ. ಕೂಗಿದ ಅಪರಿಚಿತ ಗಂಡಸು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿದವನೇ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿಬಿಟ್ಟ.



"ಯಾರ್ರೀ ನೀವು? ಕೈ ಬಿಡಿ ಮೊದ್ಲು!"

ಆತ ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ. ಕಿವಿಗಳೆರಡೂ ಕೆಂಪಾದವು. "ಕೋನಪ್ಪ ಅಂತ... ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಹೇಳ್ಕೊಡ್ತೀನಿ. ಡಿಸ್ಕಲ್ಲಿ ಜಾಗ ಇಲ್ಲ ಅಂತ ತೋರಿಸ್ತಿದೆ, ಬಂದು ನೋಡಿ ಅಂತ ನಿಮ್ಮಮ್ಮ ಫೋನ್ ಮಾಡಿದ್ರು."

ಕೋನಪ್ಪ! ಇಪ್ಪತ್ತೆಂಟರ ಹುಡುಗನಿಗೆ ತಾತನ ಹೆಸರು. ಶ್ಯಾಮಲಾಗೆ ಆ ಸಿಟ್ಟಿನಲ್ಲೂ ನಗು ಬಂತು, ತಡೆದುಕೊಂಡಳು.

"ನೀವು ಅಳಿಸಕ್ಕೆ ಹೊರಟಿದ್ದು ವಿಂಡೋಸ್‌ನೇ. ಎಂಟರ್ ಒತ್ತಿದ್ರೆ ನಾಳೆ ಬೆಳಿಗ್ಗೆ ಇದು ಏಳ್ತಿರ್ಲಿಲ್ಲ."

"ಆದ್ರೆ ಆ ಫೈಲು ಯಾವ್ದೂ ನಾನು ಮಾಡಿದ್ದಲ್ಲ! ಹಳೇ ಪ್ರೆಸ್ಸಿನವರು ಬಿಟ್ಟ ಕಸ ಅಂದ್ಕೊಂಡೆ."

"ಉಲ್ಟಾ ಅಂದ್ಕೊಂಡಿದ್ದೀರ. ನೀವು ಮಾಡಿದ್ದನ್ನ ಬೇಕಾದ್ರೆ ಅಳಿಸಿ. ಮಾಡದೇ ಇರೋದನ್ನ ಮುಟ್ಟಲೇಬೇಡಿ."

ಪ್ರೇಮಕ್ಕೆ ಇದು ಒಳ್ಳೆಯ ಆರಂಭವೇನಲ್ಲ. ಹಾರ್ಡ್ ಡಿಸ್ಕಿಗೆ ಮಾತ್ರ ಒಳ್ಳೆಯದಾಯಿತು.

ಅದು ತೊಂಬತ್ತೆಂಟನೇ ಇಸವಿ. ಶಿಡ್ಲಘಟ್ಟದ ಆ ಬೀದಿಯಲ್ಲಿ ಕಂಪ್ಯೂಟರ್ ಇದ್ದದ್ದು ಅನಸೂಯಮ್ಮನವರ ಮನೆಯಲ್ಲಿ ಮಾತ್ರ. ಚಿಂತಾಮಣಿಯ ಒಂದು ಪ್ರೆಸ್ಸಿನವರು ಹೊಸದನ್ನು ತಂದಾಗ ಹಳೆಯದು ಅನಸೂಯಮ್ಮನ ಮಗಳು ಶ್ಯಾಮಲಾಳ ಪಾಲಿಗೆ ಬಂದಿತ್ತು. ಅದರಲ್ಲಿ ಅವಳು ಲಗ್ನಪತ್ರಿಕೆಗಳನ್ನು ಜೋಡಿಸಿ ಕೊಡುತ್ತಿದ್ದಳು. ಹಿಂದಿನ ಮದುವೆಯ ಪತ್ರಿಕೆ ತೆರೆಯುವುದು, ಹೆಸರು, ಮುಹೂರ್ತ ಬದಲಾಯಿಸುವುದು, ಹೊಸ ಹೆಸರಿನಲ್ಲಿ ಉಳಿಸುವುದು. ಹೀಗೆ ಮೂರು ವರ್ಷಗಳ ವಧೂವರರೆಲ್ಲ ನಾನೂರ ಇಪ್ಪತ್ತು ಎಂ.ಬಿ. ಡಿಸ್ಕಿನೊಳಗೆ ಒತ್ತೊತ್ತಾಗಿ ಕುಳಿತಿದ್ದರು.

ಈಗ ಆಷಾಢ. ಮದುವೆಗಳಿಲ್ಲ, ಕೆಲಸವಿಲ್ಲ. ಪುರುಸೊತ್ತಿನಲ್ಲಿ ಕಸ ತೆಗೆಯೋಣವೆಂದು ಕೂತವಳು ಮನೆಯ ಕಂಬಕ್ಕೇ ಪೊರಕೆ ಹಾಕಿದ್ದಳು.

ಕೋನಪ್ಪ ಸ್ಟೂಲು ಎಳೆದುಕೊಂಡು ಕುಳಿತ. ಮೌಸಿನ ಕೆಳಗೆ ಅವಳ ಪ್ರಾಥಮಿಕ ಶಾಲೆಯ ಸ್ಲೇಟು ಇರುವುದನ್ನು ನೋಡಿ ನಕ್ಕ.

"ನಗಬೇಡಿ, ಚೆನ್ನಾಗಿ ಜಾರತ್ತೆ."

"ನಾನೂ ಒಂದು ಸ್ಲೇಟು ಹುಡುಕ್ತೀನಿ ಬಿಡಿ. ನೋಡಿ, ಟೆಂಪ್ ಅಂತಿದೆಯಲ್ಲ, ಇದ್ರೊಳಗಿನ ಹಳೇವು ಕಸ. ಈ ಬ್ಯಾಕಪ್ ನಕಲುಗಳಲ್ಲಿ ನಿಮ್ಮವು ಯಾವುದು ಅಂತ ನೀವೇ ಹೇಳ್ಬೇಕು. ನಿಮ್ಮ ಕೆಲಸದ ಫೈಲು ಅಳಿಸೋ ಮುಂಚೆ ಫ್ಲಾಪಿಗೆ ಒಂದು ನಕಲು. ಆಮೇಲೆ ರೀಸೈಕಲ್ ಬಿನ್‌ಗೆ. ಒಂದು ವಾರ ಹಂಗೇ ಬಿಡಿ."

"ಬಿನ್‌ಗೆ ಹಾಕಿದ್ಮೇಲೂ ಜಾಗ ಅಷ್ಟೇ ಇದ್ಯಲ್ಲ?"

"ಬಿನ್ ಖಾಲಿ ಮಾಡೋವರ್ಗೂ ಅಷ್ಟೇ ಇರತ್ತೆ. ವಾರದಲ್ಲಿ ಏನೂ ಕೆಡದಿದ್ರೆ ಮುಂದಿನ ಭಾನುವಾರ ಬಂದು ಖಾಲಿ ಮಾಡ್ತೀನಿ."

*ಖಾಲಿ ಮಾಡೋದು ನನಗೂ ಬರತ್ತಲ್ಲ... ಅದಕ್ಕೆ ಇವರೇ ಬಸ್ಸು ಹತ್ತಿ ಬರಬೇಕಾ?*

ಮನಸ್ಸಿನಲ್ಲಿ ಹೀಗಂದುಕೊಂಡಳೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಜಾಣೆ.

ಅನಸೂಯಮ್ಮ ಬಸ್ಸಾರು, ಮುದ್ದೆ ಬಡಿಸಿದರು. "ತಿನ್ನು ನಾಯ್ನಾ, ನಾಚ್ಕೋಬೇಡ," ಎಂದು ಸ್ವಂತ ಮಗನಿಗೆ ಹೇಳುವಂತೆ ಹೇಳಿದರು. ಕೋನಪ್ಪ ನಾಚಿಕೊಳ್ಳಲಿಲ್ಲ. ಎರಡನೇ ಮುದ್ದೆಗೆ ಕೈ ಹಾಕುವಾಗ ನಾಲ್ಕು ಗಂಟೆಯ ಬಸ್ಸು ಹೋಯಿತು. ಐದರದ್ದು ಹೋಗುವಾಗ ಅವನು ಡಿಸ್ಕಿನ ಬಗ್ಗೆ ಏನೋ ವಿವರಿಸುತ್ತಿದ್ದ. ಶ್ಯಾಮಲಾ ಕೇಳುತ್ತಿದ್ದಳು, ಏನು ಕೇಳಿದೆ ಎಂದರೆ ಅವಳಿಗೂ ಗೊತ್ತಿಲ್ಲ.

ಆ ವಾರವೆಲ್ಲ ಅವಳು ಕಾರಣವಿಲ್ಲದೆ ಹಾಡು ಗುನುಗಿದಳು. ತಾಯಿ ಕೇಳಿಸಿಕೊಂಡರೂ ಕೇಳಿಸದಂತಿದ್ದರು. ಎರಡು ತಿಂಗಳಿಂದ ಆ ಮನೆಯಲ್ಲಿ ಯಾರೂ ಹಾಡಿರಲಿಲ್ಲ.

ಎರಡನೇ ಭಾನುವಾರ ಹತ್ತಕ್ಕೆಲ್ಲ ಕೋನಪ್ಪ ಹಾಜರ್! ಬಿನ್ ಖಾಲಿಯಾಯಿತು, ಕಂಪ್ಯೂಟರ್ ಕೆಡಲಿಲ್ಲ.

"ಇನ್ನು ಪತ್ರಿಕೆಗಳು. ಯಾವ್ದು ಬೇಕು, ಯಾವ್ದು ಬೇಡ?"

"ಮುಹೂರ್ತ ಮುಗಿದಿದ್ದೆಲ್ಲ ಬೇಡ. ಮಾದರಿಗೆ ನಾಲ್ಕು ಬೇರೆ ಇಟ್ಟಿದ್ದೀನಿ. ಮದುವೆ ಆದ್ಮೇಲೆ ಪತ್ರಿಕೆ ಯಾರಿಗ್ರೀ ಬೇಕು?"

"ಸರಿ, ಒಂದೊಂದೇ ತೆಗೆದು ತಾರೀಖು ನೋಡಿ ಬಿನ್‌ಗೆ ಹಾಕ್ತೀನಿ."

ಅವಳು ಕಾಫಿ ತರಲು ಒಳಗೆ ಹೋದಳು. ಹಾಲು ಉಕ್ಕುವಷ್ಟು ಹೊತ್ತು, ಅಷ್ಟೇ. ಲೋಟ ಹಿಡಿದು ಬರುವಾಗ ಕೋನಪ್ಪ ಎದ್ದು ನಿಂತಿದ್ದ. ಮುಖದಲ್ಲಿ ಬೆಳಗಿನ ನಗುವೇ ಇರಲಿಲ್ಲ.

"ಏನಾಯ್ತು?"

"ಏನಿಲ್ಲ... ಕ್ಲಾಸಿದೆ, ಮರ್ತಿದ್ದೆ. ಉಳಿದಿದ್ದನ್ನ ಹೇಗೆ ಮಾಡ್ಬೇಕು ಅಂತ ಚೀಟೀಲಿ ಬರೆದಿದ್ದೀನಿ. ನೀವೇ ಮಾಡ್ಕೋಬಹುದು."

"ಕಾಫಿ...?"

"ಬೇಡಮ್ಮ, ಬರ್ತೀನಿ."

ಅಮ್ಮ! ಇಷ್ಟು ಹೊತ್ತು ಇಲ್ಲದ 'ಅಮ್ಮ' ಈಗ ಎಲ್ಲಿಂದ ಬಂತು? ಅವಳು ಕೇಳುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ.

ಕೀಲಿಮಣೆಯ ಮೇಲೆ ಚೀಟಿ ಇತ್ತು. ಯಾವ ಫೈಲನ್ನು ಯಾವ ಫ್ಲಾಪಿಗೆ ಹಾಕಬೇಕು, ಬಿನ್ ಯಾವತ್ತು ಖಾಲಿ ಮಾಡಬೇಕು, ಎಲ್ಲ ಅಚ್ಚುಕಟ್ಟಾಗಿ ಬರೆದಿತ್ತು. ಕೊನೆಯ ಸಾಲು: "ನಿಮ್ಮ ಹೆಸರಿನ ಫೈಲನ್ನು ನಾನು ಅಳಿಸಿಲ್ಲ. ಅದನ್ನು ಇಟ್ಟುಕೊಳ್ಳಬೇಕು ಅನ್ನಿಸಬಹುದು."

ಶ್ಯಾಮಲಾ ಲೋಟ ಕೆಳಗಿಟ್ಟಳು.

ಅವಳ ಹೆಸರಿನ ಆ ಫೈಲು ಅವಳದೇ ಲಗ್ನಪತ್ರಿಕೆ. ಚಿ. ಕುಂ. ಸೌ. ಶ್ಯಾಮಲಾ, ಗೌರಿಬಿದನೂರಿನ ವರ, ಜೂನ್ ಏಳನೇ ತಾರೀಖು ಭಾನುವಾರ. ಊರಿನವರೆಲ್ಲರ ಪತ್ರಿಕೆ ಜೋಡಿಸಿದವಳು ತನ್ನದನ್ನು ಎರಡು ದಿನ ಕೂತು, ಅಂಚಿಗೆ ಬಳ್ಳಿ ಇಟ್ಟು, ಅಕ್ಷರ ಅಕ್ಷರ ತಿದ್ದಿ ಜೋಡಿಸಿದ್ದಳು. ಇನ್ನೇನು ಅಚ್ಚಿಗೆ ಹೋಗಬೇಕು, ಅಷ್ಟರಲ್ಲಿ ವರನ ಸೋದರಮಾವ ಮುನಿಸಿಕೊಂಡ. ಅವನ ಮುನಿಸು ತೀರಿಸಲು ಅವನ ಮಗಳನ್ನೇ ಸೊಸೆಯಾಗಿ ಮನೆ ತುಂಬಿಸಿಕೊಂಡರು. ಶ್ಯಾಮಲಾಳ ಮನೆಗೆ ಒಂದು ಕಾಗದ ಬಂತು, ಅಷ್ಟೇ.

ಆ ಮದುವೆ ಲೋಕದಲ್ಲಿ ಎಲ್ಲೂ ನಡೆಯಲಿಲ್ಲ. ಡಿಸ್ಕಿನಲ್ಲಿ ಮಾತ್ರ ಉಳಿದಿತ್ತು. ಅವಳಿಗೆ ಅದು ಬಿಸಿತುಪ್ಪ, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

*ಓದಿಬಿಟ್ಟಿದ್ದಾರೆ. ಮುರಿದುಬಿದ್ದ ಮದುವೆಯ ಹುಡುಗಿ ಅಂತ ಗೊತ್ತಾಗಿದೆ. ಅದಕ್ಕೇ ಕಾಫಿಗೂ ನಿಲ್ಲಲಿಲ್ಲ... ಇವರೂ ಎಲ್ಲರ ಹಾಗೇನಾ?*

ಮೂರನೇ ಭಾನುವಾರ ಅನಸೂಯಮ್ಮ ಬಸ್ಸಾರಿಗೆ ಸೊಪ್ಪು ಬಿಡಿಸಿಕೊಂಡು ಬಾಗಿಲಲ್ಲೇ ಕುಳಿತಿದ್ದರು. ಎರಡು ಗಂಟೆಯಾಯಿತು.

"ಬರ್ಲಿಲ್ವೇನೇ ಆ ಹುಡುಗ?"

"ಬರಲ್ಲಮ್ಮ."

"ಯಾಕಂತೆ?"

"ಗೊತ್ತಾಗಿದೆ ಅವರಿಗೆ."

ಏನು ಗೊತ್ತಾಗಿದೆ ಎಂದು ತಾಯಿ ಕೇಳಲಿಲ್ಲ. "ಪೋನೀ, ಹೋಗ್ಲಿ ಬಿಡಮ್ಮ," ಎಂದು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಒಳಗೆ ಮೂಗು ಸೀಟಿದ್ದು ಮಗಳಿಗೆ ಕೇಳಿಸಿತು.

ಶ್ಯಾಮಲಾ ಅಳಲಿಲ್ಲ. ಕಂಪ್ಯೂಟರ್ ಮುಂದೆ ಕುಳಿತು ಆ ಫೈಲನ್ನು ಅಳಿಸಿದಳು. ಫ್ಲಾಪಿಗೆ ನಕಲು ಮಾಡಲಿಲ್ಲ, ವಾರ ಕಾಯಲಿಲ್ಲ, ಬಿನ್ ಕೂಡ ಅಲ್ಲೇ ಖಾಲಿ ಮಾಡಿದಳು. ನಲವತ್ತು ಕೆ.ಬಿ. ಜಾಗ ಮಿಕ್ಕಿತು. ಆ ವರನ ಹೆಸರು ಹೋದದ್ದಕ್ಕೆ ಅವಳಿಗೆ ಒಂದಿಷ್ಟೂ ನೋವಾಗಲಿಲ್ಲ! ನೋವೆಲ್ಲ ಕೋನಪ್ಪ ಬಾರದೆ ಹೋದದ್ದಕ್ಕೇ ಇತ್ತು. ಅದು ತಿಳಿದಾಗ ಅವಳಿಗೆ ಭಯವಾಯಿತು.

ಗೌರಿಬಿದನೂರಿನವರು ಬೇಡ ಎಂದಾಗ ಅವಳು ಒಂದು ಮಾತೂ ಕೇಳಿರಲಿಲ್ಲ. ಈ ಸಲ ಕೇಳದೆ ಬಿಟ್ಟರೆ ಜೀವನವಿಡೀ ಬಿಟ್ಟಂತೆ. ಮಂಗಳವಾರ ಅವಳು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಟ್ರೈನಿಂಗ್ ಸೆಂಟರ್ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೆ ಅವಳನ್ನು ಕಂಡ ಕೋನಪ್ಪನ ಕೈಯಿಂದ ಸೀಮೆಸುಣ್ಣ ಜಾರಿತು.

"ಶ್ಯಾಮಲಾ ಅವ್ರೇ! ಕಂಪ್ಯೂಟರ್‌ಗೆ ಏನಾಯ್ತು?"

"ಕಂಪ್ಯೂಟರ್ ಚೆನ್ನಾಗಿದೆ. ನಿಮಗೇನಾಯ್ತು?"

"ನನಗೇನು... ಕ್ಲಾಸು..."

"ನನ್ನ ಪತ್ರಿಕೆ ಓದಿದ್ರಿ. ಹೌದೋ ಅಲ್ವೋ?"

ಅವನು ತಲೆ ತಗ್ಗಿಸಿದ. "ತಾರೀಖು ನೋಡಕ್ಕೆ ಅಂತ ತೆಗೆದೆ. ನಿಮ್ದು ಅಂತ ಗೊತ್ತಿರ್ಲಿಲ್ಲ."

"ಓದಿದ್ಮೇಲೆ ನಮ್ಮನೆ ಕಾಫಿ ಕಹಿಯಾಯ್ತಾ?"

"ಹಂಗನ್ಬೇಡಿ! ನಾನು ಪದೇ ಪದೇ ಬರೋದು ಸರಿಯಲ್ಲ ಅನ್ನಿಸ್ತು. ನೋಡಿದೋರು ಏನಾದ್ರೂ ಅಂದ್ರೆ ನಿಮ್ಮ ಹೆಸರು ಕೆಡತ್ತೆ."

"ನನ್ನ ಹೆಸರಿಗೆ ಆಗ್ಬೇಕಾಗಿದ್ದೆಲ್ಲ ಆಗಿದೆ!" ಅವಳು ಒಂದು ಮೆಟ್ಟಿಲು ಮೇಲೆ ಹತ್ತಿದಳು. "ಮದುವೆ ಮುರಿದ ಹುಡುಗಿ ಮನೆಗೆ ಬರೋಕೆ ನಾಚಿಕೆ ಅಂತ ನೇರವಾಗಿ ಹೇಳ್ರೀ. ಅದನ್ನ ನಿಮ್ಮ ಬಾಯಲ್ಲೇ ಕೇಳಿ ಹೋಗೋಣ ಅಂತ ಬಂದೆ."

ಕೋನಪ್ಪ ತಲೆ ಎತ್ತಿದ.

"ಮದುವೆ... ಮುರೀತಾ?"

"ಓದಿದ್ರಲ್ಲ!"

"ಪತ್ರಿಕೇಲಿ ಅದು ಎಲ್ಲಿರತ್ತೆ? ಜೂನ್ ಏಳು ಅಂತಿತ್ತು. ಈಗ ಆಷಾಢ. ನೀವು ತಾಯಿ ಮನೇಲಿದ್ರಿ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬಂದಿದ್ದಾರೆ ಅಂದ್ಕೊಂಡೆ!"

ನಮ್ಮ ಕಡೆ ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದೆಂದು ಮದುಮಗಳನ್ನು ತವರಿಗೆ ಕಳಿಸುವ ತಿಂಗಳು ಅದು. ಅವನ ಲೆಕ್ಕ ಸರಿಯಾಗೇ ಇತ್ತು. ಮದುವೆ ಮಾತ್ರ ನಡೆದಿರಲಿಲ್ಲ.

"ಅಲ್ರೀ... ಕತ್ತಲ್ಲಿ ತಾಳಿ ಇಲ್ಲ, ಕಾಲಲ್ಲಿ ಕಾಲುಂಗುರ ಇಲ್ಲ. ಅಷ್ಟೂ ಕಾಣಲಿಲ್ವಾ ನಿಮಗೆ?"

"ತಾಳಿ ದುಪಟ್ಟಾ ಒಳಗಿರಬಹುದು ಅಂದ್ಕೊಂಡೆ."

"ಕಾಲು?"

ಕೋನಪ್ಪನ ಕಿವಿಗಳು ಮತ್ತೆ ಕೆಂಪಾದವು. "ಕಾಲು ನೋಡಕ್ಕೆ ಪುರುಸೊತ್ತೆಲ್ಲಿತ್ತು? ಎರಡು ಭಾನುವಾರಾನೂ ನಿಮ್ಮ ಮುಖಾನೇ ನೋಡ್ತಿದ್ದೆ. ಬೇರೆಯವರ ಹೆಂಡ್ತೀನ ಹಂಗೆ ನೋಡಿದ್ನಲ್ಲಾ ಅಂತ... ಅದಕ್ಕೇ ಓಡಿಬಂದೆ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಎರಡು ತಿಂಗಳಿಂದ ತಡೆದದ್ದು ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಹರಿದುಹೋಯಿತು. ಕೋನಪ್ಪ ಏನು ಮಾಡಬೇಕೆಂದು ತೋಚದೆ ಸುಣ್ಣ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ನಿಂತ.

"ಯಾಕೆ ಮುರೀತು ಅಂತ ಕೇಳಲ್ವಾ?"

"ನಿಮಗೆ ಹೇಳ್ಬೇಕು ಅನ್ನಿಸಿದಾಗ ಹೇಳಿ."

ಅವಳು ಅಲ್ಲೇ ಹೇಳಿದಳು. ಮಾವನ ಮುನಿಸು, ಬಂದ ಕಾಗದ, ಆಮೇಲೆ ಬೀದಿಯವರು ನೋಡಿದ ನೋಟ.

"ಊರು ಮಾತಾಡತ್ತೆ, ಕೋನಪ್ಪ ಅವ್ರೇ. ನಿಮ್ಮನ್ನೂ ಬಿಡಲ್ಲ."

"ಆಡ್ಲಿ ಬಿಡಿ. ಊರ ಬಾಯಿಗೆ ಮುಚ್ಚಳ ಹಾಕಕ್ಕಾಗತ್ತಾ? ನನಗೆ ನೀವು ಬೇಕು. ಅಷ್ಟು ನಿಮಗೆ ಗೊತ್ತಾದ್ರೆ ಸಾಕು."

ಅವಳು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದಳು.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಜೊತೆಗೆ ನಡೆದರು. ತರಕಾರಿ ಮೂಟೆಗಳ ಮಧ್ಯೆ ಶಿಡ್ಲಘಟ್ಟದ ಬಸ್ಸು ನಿಂತಿತ್ತು. ಶ್ಯಾಮಲಾ ಹತ್ತಿ ಕಿಟಕಿ ಪಕ್ಕ ಕುಳಿತಳು. ಕೋನಪ್ಪ ಕೆಳಗೆ, ಕಿಟಕಿಯ ಸರಳು ಹಿಡಿದು ನಿಂತ. ಬಸ್ಸು ತುಂಬತೊಡಗಿತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ಪಕ್ಕದ ಸೀಟು ತೋರಿಸಿ, ಯಾರಾದರೂ ಬರುತ್ತಾರಾ ಎಂದು ತೆಲುಗಿನಲ್ಲಿ ಕೇಳಿದಳು.

"ಎವರನ್ನಾ ವಸ್ತಾರಾ ಅಮ್ಮಾ?"

ಶ್ಯಾಮಲಾ ಕೈಯಲ್ಲಿದ್ದ ಕರ್ಚೀಫನ್ನು ಆ ಸೀಟಿನ ಮೇಲೆ ಹಾಸಿದಳು. ನಾಲ್ಕು ಜನಕ್ಕೆ ಕೇಳುವಂತೆಯೇ ಹೇಳಿದಳು.

"ಹೌದಮ್ಮ. ನಮ್ಮವರು ಬರ್ತಾರೆ."

ಕಿಟಕಿಯ ಸರಳಿನ ಮೇಲಿದ್ದ ಕೈ ಮಾಯವಾಯಿತು. ಕೋನಪ್ಪ ಮೂಟೆಗಳನ್ನು ದಾಟಿಕೊಂಡು, ಇಬ್ಬರ ಕಾಲು ತುಳಿದು, ಬೈಸಿಕೊಂಡು ಒಳಗೆ ಬಂದ.

"ಕ್ಲಾಸಿದೆ ಅಂದ್ರಲ್ಲ?"

"ನಾಳೆ ತಗೋತೀನಿ."

"ಅಮ್ಮಂಗೆ ಏನ್ ಹೇಳ್ತೀರ? ಆಷಾಢದಲ್ಲಿ ಹೆಣ್ಣು ಕೇಳಬಾರದು."

"ಗೊತ್ತು. ಊಟಕ್ಕೆ ಬಂದೆ ಅಂತೀನಿ."

"ಊಟ ಆದ್ಮೇಲೆ?"

ಕೋನಪ್ಪ ಕರ್ಚೀಫು ಎತ್ತಿ ಮಡಚಿ ಅವಳ ಕೈಗಿಟ್ಟು ಪಕ್ಕದಲ್ಲಿ ಕುಳಿತ.

"ಶ್ರಾವಣ ಬರೋವರ್ಗೂ ಏಳಲ್ಲ."